ಹದಿನೇಳನೇ ನಂಬರಿನ ನೀರಿನ ಟ್ಯಾಂಕು

ಆ ಊರಿನಲ್ಲಿ ಬೆಟ್ಟವಿಲ್ಲ. ಬೆಟ್ಟ ನೋಡಬೇಕೆಂದರೆ ಬೆಳಗಿನ ರೈಲು ಹತ್ತಿ ನಾಲ್ಕು ಗಂಟೆ ಕೂರಬೇಕು, ಅದೂ ಕಿಟಕಿಯ ಪಕ್ಕ ಸೀಟು ಸಿಕ್ಕರೆ. ಊರಲ್ಲಿ ಎತ್ತರದ್ದು ಅಂತ ಇರುವುದು ಶಾಲೆಯ ಹಿಂದಿನ ನೀರಿನ ಟ್ಯಾಂಕು ಒಂದೇ. ಆದರೂ ಆ ಊರಿನ ಯಾರ ಕೈಗೆ ಪೆನ್ಸಿಲ್ ಕೊಟ್ಟು ಒಂದು ಚಿತ್ರ ಬರೀರಿ ಎಂದರೂ ಅವರು ಬರೆಯುವುದು ಎರಡು ಬೆಟ್ಟ. ನಡುವೆ ಸೂರ್ಯ, ಸೂರ್ಯನಿಗೆ ಏಳು ಕಿರಣ, ಕೆಳಗೊಂದು ಮನೆ, ಮನೆಯಿಂದ ಹೊರಟ ದಾರಿ, ದಾರಿಯ ಪಕ್ಕ ನದಿ, ಮೇಲೆ ನಾಲ್ಕು ಹಕ್ಕಿ. ಬ್ಯಾಂಕಿನ ಗುಮಾಸ್ತ ಫೋನಿನಲ್ಲಿ ಮಾತಾಡುತ್ತಾ ಚೀಟಿಯ ಮೇಲೆ ಗೀಚುವುದು ಇದನ್ನೇ. ಹಲ್ಲಿನ ಡಾಕ್ಟರು ಕಾಯುವ ಕೋಣೆಗೆ ತಾವೇ ಬರೆದು ಹಾಕಿದ್ದೂ ಇದನ್ನೇ. ಕಾರಣ ಬಹಳ ಸರಳ. ಇವರೆಲ್ಲ ಒಂದೇ ಶಾಲೆಯ ಒಂದೇ ಒಂದನೇ ತರಗತಿಯಲ್ಲಿ ಒಬ್ಬರೇ ಟೀಚರ ಹತ್ತಿರ ಚಿತ್ರ ಕಲಿತವರು.

ಅವರೇ ದೊಡ್ಡ ಟೀಚರ್. ಈಗ ಶಾಲೆಯ ಮುಖ್ಯಸ್ಥೆ, ನಿವೃತ್ತಿಗೆ ಒಂದು ವರ್ಷ ಬಾಕಿ. ಮೂವತ್ತೈದು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ವಾರವೇ ಅವರು ಒಂದನೇ ತರಗತಿಯ ಕಪ್ಪು ಹಲಗೆಯ ಮೇಲೆ ಆ ಎರಡು ಬೆಟ್ಟ ಬರೆದು, "ಹೀಗೇ ಬರೀಬೇಕು" ಎಂದರು. ಅಲ್ಲಿಗೆ ಆ ಊರಿನ ಮಟ್ಟಿಗೆ ಚಿತ್ರಕಲೆಯ ಸಮಸ್ಯೆ ಬಗೆಹರಿಯಿತು. ಆಮೇಲೆ ಯಾರೂ ಆ ವಿಷಯಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ಒಂದನೇ ತರಗತಿಯನ್ನು ನೋಡಿಕೊಳ್ಳುವವಳು ಚಿಕ್ಕ ಟೀಚರ್. ಚಿಕ್ಕ ಎಂದರೆ ನಲವತ್ತೊಂದು ವರ್ಷ, ಕಿವಿಯ ಬಳಿ ನರೆ, ಮಂಡಿನೋವು. ದೊಡ್ಡ ಟೀಚರಿಗೆ ಅವಳು ಶಿಷ್ಯೆ. ಅದೇ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೂರನೇ ಬೆಂಚಿನಲ್ಲಿ ಕೂತು ಅದೇ ಬೆಟ್ಟಗಳನ್ನು ಬರೆದವಳು. ಹಾಗಾಗಿ ಅವಳು ಎಷ್ಟು ಮುದುಕಿಯಾದರೂ ಚಿಕ್ಕ ಟೀಚರೇ. ಹನ್ನೆರಡು ವರ್ಷದಿಂದ ಅವಳದು ತಾತ್ಕಾಲಿಕ ಕೆಲಸ. ಪ್ರತಿ ಬೇಸಿಗೆ ರಜೆಯ ಕೊನೆಗೆ ಹೊಸದಾಗಿ ಅರ್ಜಿ ಹಾಕಿ, ತನ್ನ ಕುರ್ಚಿಗೆ ತಾನೇ ಸಂದರ್ಶನಕ್ಕೆ ಹೋಗಿ, "ಮಕ್ಕಳ ಜೊತೆ ಅನುಭವ ಇದೆಯೇ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟು, ತನ್ನದೇ ಕೋಣೆಗೆ ವಾಪಸು ಬರುತ್ತಿದ್ದಳು. ಈ ವರ್ಷ ಮಾತ್ರ ಅವಳ ಕಡತ ಖಾಯಂ ಮಾಡುವವರ ಮೇಜಿನವರೆಗೂ ಹೋಗಿತ್ತು. ಇನ್ನು ಬೇಕಾದದ್ದು ಎರಡೇ: ದೊಡ್ಡ ಟೀಚರ ಶಿಫಾರಸು, ಮತ್ತು ಮೇಲಿನ ಕಚೇರಿಯ ಮೌಲ್ಯಮಾಪನದಲ್ಲಿ ಅವಳ ತರಗತಿಗೆ ಒಳ್ಳೆಯ ಮಾತು.

ಆ ಮೌಲ್ಯಮಾಪನದ ಸುತ್ತೋಲೆ ಒಂದು ಸೋಮವಾರ ಬಂತು. ಮುಂದಿನ ವಾರ 'ಸ್ವಚ್ಛಂದ ಕಲ್ಪನೆಯ ಸಪ್ತಾಹ'. ಸೋಮವಾರದಿಂದ ಶುಕ್ರವಾರದವರೆಗೆ ದಿನವೂ ಹನ್ನೊಂದು ಹತ್ತರಿಂದ ಹನ್ನೊಂದು ಐವತ್ತರವರೆಗೆ ಒಂದನೇ ತರಗತಿಯ ಮಕ್ಕಳು ಸ್ವಚ್ಛಂದವಾಗಿ ಕಲ್ಪಿಸಿಕೊಳ್ಳತಕ್ಕದ್ದು. ಸಪ್ತಾಹ ಎಂದರೆ ಏಳು ದಿನ. ಉಳಿದೆರಡು ದಿನವನ್ನು ಕಲ್ಪಿಸಿಕೊಳ್ಳುವ ಕೆಲಸ ಶಾಲೆಗೆ ಬಿಟ್ಟದ್ದು. ತರಗತಿಯಲ್ಲಿ ಆಟದ ಸಾಮಾನಿನ 'ಕಲ್ಪನಾ ಮೂಲೆ' ಇರತಕ್ಕದ್ದು. ಕಾರಿಡಾರಿನಲ್ಲಿ ಪ್ರತಿ ಮಗುವಿನ ಒಂದೊಂದು ಚಿತ್ರ ತೂಗುಹಾಕತಕ್ಕದ್ದು. ಕೊನೆಯ ಸಾಲನ್ನು ಕಚೇರಿಯವರು ದಪ್ಪ ಅಕ್ಷರದಲ್ಲಿ ಹಾಕಿದ್ದರು: ಚಿತ್ರಗಳು ಒಂದರಂತೆ ಒಂದು ಇರಬಾರದು, ದೊಡ್ಡವರ ಕೈ ಆಡಿರಬಾರದು. ಶುಕ್ರವಾರ ಮೌಲ್ಯಮಾಪಕರು ಖುದ್ದು ಬಂದು ನೋಡುತ್ತಾರೆ.

ಮಂಗಳವಾರ ಚಿಕ್ಕ ಟೀಚರ್ ಮೂವತ್ತೆರಡು ಮಕ್ಕಳಿಗೂ ಬಿಳಿ ಹಾಳೆ ಹಂಚಿ, "ನಿಮಗೆ ಏನು ಇಷ್ಟಾನೋ ಅದು ಬರೀರಿ" ಎಂದಳು.

ಯಾರೂ ಪೆನ್ಸಿಲ್ ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು. "ಟೀಚರ್, ಇಷ್ಟ ಆಗಿದ್ದು ಹೇಗೆ ಬರೆಯೋದು? ಬೋರ್ಡ್ ಮೇಲೆ ಬರೆದು ತೋರ್ಸಿ."

ಅರ್ಧ ಗಂಟೆಯಾದ ಮೇಲೆ ಹಾಳೆಗಳನ್ನು ಒಟ್ಟುಮಾಡಿದರೆ ಮೂವತ್ತೊಂದರಲ್ಲಿ ಎರಡೆರಡು ಬೆಟ್ಟ. ಒಬ್ಬ ಮಾತ್ರ ಸ್ವಚ್ಛಂದನಾಗಿ ಸೂರ್ಯನಿಗೆ ಎಂಟು ಕಿರಣ ಬರೆದು, ಆಮೇಲೆ ಹೆದರಿ ಒಂದನ್ನು ಅಳಿಸಿದ್ದ. ಉಳಿದದ್ದು ಹದಿನೇಳನೇ ನಂಬರಿನ ಹಾಳೆ. ಅದರಲ್ಲಿ ಬೆಟ್ಟವಿರಲಿಲ್ಲ. ಹಾಗೆ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ; ನಡುಗುವ ನಾಲ್ಕು ಗೆರೆ, ಒಂದು ತೂತು.

ಹದಿನೇಳನೇ ನಂಬರು ಬಸ್ ಡ್ರೈವರನ ಮಗಳು. ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ, ಬಾಯಿಗೆ ಮಾತ್ರ ಬಿಡುವಿಲ್ಲ. ಎಲ್ಲದಕ್ಕೂ ಒಂದು ವಾದ ಹೂಡುವುದರಿಂದ ಇಡೀ ಶಾಲೆ ಅವಳನ್ನು ವಕೀಲಮ್ಮ ಎಂದೇ ಕರೆಯುತ್ತಿತ್ತು.

"ಇದೇನೇ ಬರ್ದಿರೋದು?" ಎಂದಳು ಚಿಕ್ಕ ಟೀಚರ್.

"ನಾನು ಬರ್ದಿಲ್ಲ ಟೀಚರ್. ಈ ಕೈ ಬರ್ದಿದೆ." ವಕೀಲಮ್ಮ ಬಲಗೈಯನ್ನು ಮುಂದಕ್ಕೆ ಚಾಚಿ ಸಾಕ್ಷಿಗೆ ತೋರಿಸಿದಳು. "ನಾನು ಬರೆಯೋ ಕೈ ಇನ್ನೊಂದು. ಅದರಲ್ಲಿ ಬೇಡ ಅಂತೀರಲ್ಲ ನೀವು."

ಹೌದು, ಚಿಕ್ಕ ಟೀಚರ್ ಬೇಡ ಎನ್ನುತ್ತಿದ್ದಳು. ದಿನಕ್ಕೆ ಹತ್ತು ಸಲ, ಸಕ್ಕರೆಯಂಥ ದನಿಯಲ್ಲಿ, "ಆ ಕೈಯಲ್ಲ ಪುಟ್ಟಾ, ಇನ್ನೊಂದು ಕೈ" ಎನ್ನುತ್ತಿದ್ದಳು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಏಕೆಂದರೆ ಅವಳೂ ಎಡಗೈಯವಳೇ ಆಗಿದ್ದಳು, ಮತ್ತು ಅವಳ ವಿಷಯದಲ್ಲಿ ಯಾರೂ ಸಕ್ಕರೆ ಖರ್ಚು ಮಾಡಿರಲಿಲ್ಲ. ದೊಡ್ಡ ಟೀಚರ್ ಆಗ ಇಪ್ಪತ್ತನಾಲ್ಕರ ಹುರುಪಿನವರು. ತಾಯಿಯನ್ನು ಶಾಲೆಗೆ ಕರೆಸಿ ಒಂದು ಉಪಾಯ ಹೇಳಿಕೊಟ್ಟರು. ತಾಯಿ ನೀಲಿ ಹೂವಿನ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದಳು, ಬಾಯಿಗೆ ದಾರ. ಬೆಳಿಗ್ಗೆ ಮಗಳ ಎಡಗೈಯನ್ನು ಅದರೊಳಗೆ ಹಾಕಿ ಮಣಿಕಟ್ಟಿಗೆ ಬಿಗಿಯಾಗಿ ಕಟ್ಟಿದರೆ ಬಿಚ್ಚುವುದು ಸಂಜೆ. ಆರು ತಿಂಗಳಿಗೆ ಆ ಕೈ ಬುದ್ಧಿ ಕಲಿಯಿತು. ಈಗಲೂ ನೆಂಟರು ಬಂದಾಗ ತಾಯಿ ಅದನ್ನು ಹೇಳಿಕೊಳ್ಳುವುದುಂಟು: "ಆರೇ ತಿಂಗಳು, ನೋಡಿ. ಪೂರ್ತಿ ಸರಿಹೋಯ್ತು."

ಮೂವತ್ತೊಂದು ಜೊತೆ ಬೆಟ್ಟವನ್ನು ನೋಡಿ ದೊಡ್ಡ ಟೀಚರ್ ತಲೆಯ ಮೇಲೆ ಕೈ ಹೊತ್ತು ಕೂತರು. ಬೇರೆ ಯಾರಾದರೂ ಆಗಿದ್ದರೆ ಇದನ್ನು ಯಾರು ಕಲಿಸಿದ್ದೆಂದು ಒಂದು ಕ್ಷಣ ಯೋಚಿಸುತ್ತಿದ್ದರೇನೋ. ಅವರು ಹಾಗೆಲ್ಲ ಕಾಲಹರಣ ಮಾಡುವವರಲ್ಲ.

"ಈ ಕಾಲದ ಮಕ್ಕಳಲ್ಲಿ ಕಲ್ಪನೆಯೇ ಇಲ್ಲ" ಎಂದರು. "ಇನ್ನು ನಾವೇ ಏನಾದ್ರೂ ಮಾಡ್ಬೇಕು."

ಶನಿವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಐದು ಜನ ಟೀಚರುಗಳೂ ಸಿಬ್ಬಂದಿ ಕೋಣೆಯಲ್ಲಿ ಸೇರಿದರು. ಮೇಜಿನ ಮೇಲೆ ಹಾಳೆ, ಮೇಣದ ಬಣ್ಣದ ಡಬ್ಬಿ, ಚಹಾ. ತಲೆಗೆ ಆರು ಚಿತ್ರ. ಉಳಿದೆರಡು ಡ್ರಿಲ್ ಮಾಸ್ತರಿಗೆ, ಅವರ ಮೈಯಲ್ಲಿ ಶಕ್ತಿ ಜಾಸ್ತಿ ಎಂದು.

"ಮೇಡಂ, ನಾವು ಬರೆದ್ರೆ ದೊಡ್ಡವರು ಬರ್ದದ್ದು ಅಂತ ಗೊತ್ತಾಗಲ್ವಾ?" ಎಂದು ಲೆಕ್ಕದ ಟೀಚರ್ ಅನುಮಾನ ತೆಗೆದರು.

ದೊಡ್ಡ ಟೀಚರ್ ಆ ಪ್ರಶ್ನೆಗಾಗಿಯೇ ಕಾದಿದ್ದವರಂತೆ ನಕ್ಕರು. "ಅದಕ್ಕೇ ಎಲ್ಲರೂ ಎಡಗೈಯಲ್ಲಿ ಬರೀರಿ. ಸೊಟ್ಟಪಟ್ಟ ಬರುತ್ತೆ. ಥೇಟ್ ಮಕ್ಕಳ ಚಿತ್ರ."

ಐದು ಜನ ವಿದ್ಯಾವಂತರು, ಅದರಲ್ಲಿ ಇಬ್ಬರಿಗೆ ಚಾಳೀಸು, ಎಡಗೈಯಲ್ಲಿ ಬಣ್ಣದ ಕಡ್ಡಿ ಹಿಡಿದು, ನಾಲಿಗೆಯನ್ನು ತುಟಿಯ ಮೂಲೆಗೆ ತಂದುಕೊಂಡು ಮಕ್ಕಳಾಗಲು ಬೆವರು ಸುರಿಸಿದರು. ಲೆಕ್ಕದ ಟೀಚರ್ ಎಡಗೈಯಲ್ಲೂ ಸ್ಕೇಲು ಇಟ್ಟೇ ಗೆರೆ ಎಳೆದರು. ಡ್ರಿಲ್ ಮಾಸ್ತರರು ಹಸು ಬರೆಯಲು ಹೋಗಿ ಅದು ಮೇಜಾಯಿತು. ಮೇಜೆಂದು ಒಪ್ಪಿಕೊಂಡು ಅದರ ಮೇಲೊಂದು ಲೋಟ ಬರೆದರು. ದೊಡ್ಡ ಟೀಚರ್ ಬೆನ್ನ ಹಿಂದೆ ಕೈಕಟ್ಟಿ ಸುತ್ತುತ್ತಾ ತಿದ್ದುತ್ತಿದ್ದರು. "ಈ ಸೂರ್ಯ ತೀರಾ ದುಂಡಗಾಯ್ತು, ಸ್ವಲ್ಪ ಕೆಡಿಸಿ." "ಇದು ಚೆನ್ನಾಗಿದೆ, ಹರಿದು ಹಾಕಿ." "ಇನ್ನೂ ಮುಗ್ಧವಾಗಿ ಬರಲಿ, ಮಾಸ್ತರೇ, ಇನ್ನೂ ಮುಗ್ಧವಾಗಿ!"

ಚಿಕ್ಕ ಟೀಚರ್ ಬಣ್ಣದ ಕಡ್ಡಿಯನ್ನು ಎಡಗೈಗೆ ತೆಗೆದುಕೊಂಡಳು. ಮೂವತ್ತೈದು ವರ್ಷದಿಂದ ಆ ಕೈ ಪಾತ್ರೆ ಹಿಡಿದಿತ್ತು, ಚೀಲ ಹೊತ್ತಿತ್ತು, ಮಕ್ಕಳ ಮೂಗು ಒರೆಸಿತ್ತು. ಅದಕ್ಕೆ ಬೇರೇನಾದರೂ ಗೊತ್ತಿರಬಹುದೆಂದು ಅವಳಿಗೆ ಮರೆತೇ ಹೋಗಿತ್ತು. ಕಿಟಕಿಯಾಚೆ ನೀರಿನ ಟ್ಯಾಂಕು ಕಾಣುತ್ತಿತ್ತು, ನಾಲ್ಕು ಉದ್ದನೆಯ ಕಾಲಿನ ಮೇಲೆ. ಚಿಕ್ಕವಳಿದ್ದಾಗ ಅವಳಿಗೆ ಒಂದು ನಂಬಿಕೆಯಿತ್ತು: ಕಾಲು ಇದ್ದ ಮೇಲೆ ಅದು ನಡೆಯಲೇಬೇಕು, ಊರು ಮಲಗಿದ ಮೇಲೆ ನಡೆಯುತ್ತದೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಕೈ ತಾನಾಗಿ ಹೊರಟಿತು. ಟ್ಯಾಂಕು ಬೀದಿಯಲ್ಲಿ ನಡೆಯುತ್ತಿದೆ, ಒಂದು ಕಾಲು ಮಡಚಿ ಎತ್ತಿದೆ, ಹೆಜ್ಜೆ ಎಲ್ಲಿಡಲೆಂದು ಕೆಳಗೆ ನೋಡುತ್ತಿದೆ. ಹಿಂದೆ ಪುಟ್ಟಪುಟ್ಟ ಜನ ಬಕೆಟ್ ಹಿಡಿದು ಓಡುತ್ತಿದ್ದಾರೆ. ಮಹಡಿಯ ಕಿಟಕಿಯೊಂದರಿಂದ ಒಬ್ಬಾಕೆ ಚೊಂಬನ್ನೇ ಚಾಚಿದ್ದಾಳೆ.

ಮುಗಿದಾಗ ಅವಳ ಚಹಾದ ಮೇಲೆ ಕೆನೆ ಕಟ್ಟಿತ್ತು. ಅವಳಿಗೆ ಸಂತೋಷವಾಯಿತು. ಅದರ ಬೆನ್ನಿಗೇ ಭಯವೂ ಆಯಿತು, ಕದ್ದು ಸಿಕ್ಕಿಬಿದ್ದ ಭಯ. ಉಳಿದ ಐದು ಚಿತ್ರಗಳನ್ನು ಅವಳು ಗುಟ್ಟಾಗಿ ಬಲಗೈಯಲ್ಲೇ ಬರೆದಳು. ಯಾರಿಗೂ ತಿಳಿಯಲಿಲ್ಲ. ಅವಳ ಬಲಗೈಯ ಚಿತ್ರಗಳು ಉಳಿದವರ ಎಡಗೈಯ ಚಿತ್ರಗಳ ಜೊತೆ ಚೆನ್ನಾಗಿ ಹೊಂದಿಕೊಂಡವು.

ದೊಡ್ಡ ಟೀಚರ್ ಟ್ಯಾಂಕಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. "ಭೇಷ್! ಎಷ್ಟು ಕೆಟ್ಟದಾಗಿ ಬರ್ದಿದೀಯ! ಟ್ಯಾಂಕನ್ನ ನಡೆಸಿದೀಯ, ಅದಕ್ಕೆ ಕಣ್ಣು ಬೇರೆ. ನಿನ್ನ ಎಡಗೈಗೆ ಏನೂ ಬರಲ್ಲ ನೋಡು, ಅದಕ್ಕೇ ಇಷ್ಟು ಚೆನ್ನಾಗಿ ಬಂದಿದೆ."

ಮೂವತ್ತೈದು ವರ್ಷದ ಹಿಂದಿನ ಚೀಲದ ನೆನಪು ಅವರಿಗೆ ಕಿಂಚಿತ್ತೂ ಇರಲಿಲ್ಲ. ಕಟ್ಟಿಸಿದವರಿಗೆ ಅದೆಲ್ಲ ನೆನಪಿರುವುದು ಕಡಿಮೆ. ಚಿಕ್ಕ ಟೀಚರ್ ಹಲ್ಲುಕಚ್ಚಿ ನಕ್ಕಳು; ಶಿಫಾರಸು ಪತ್ರ ಇನ್ನೂ ಬಾಕಿಯಿತ್ತು. ಚಿತ್ರಗಳ ಮೂಲೆಯಲ್ಲಿ ಹಾಜರಿ ಪ್ರಕಾರ ನಂಬರು ಬರೆದರು. ನಡೆಯುವ ಟ್ಯಾಂಕಿಗೆ ಬಂದದ್ದು ಹದಿನೇಳು.

ಸೋಮವಾರ ಸಪ್ತಾಹ ಶುರುವಾಯಿತು. ಕಲ್ಪನಾ ಮೂಲೆಗೆ ಒಂದು ಹಳೇ ಫೋನು, ಆಟದ ಒಲೆ, ಮರದ ತುಂಡುಗಳು, ವಕೀಲಮ್ಮನ ಅಪ್ಪ ಡಿಪೋದಿಂದ ತಂದುಕೊಟ್ಟ ನಿಜವಾದ ಬಸ್ಸಿನ ಸ್ಟಿಯರಿಂಗು, ಎಲ್ಲ ಬಂದಿದ್ದವು. ಶುಕ್ರವಾರದ ಮೊದಲೇ ಮುರಿದುಹೋದಾವು ಎಂದು ದೊಡ್ಡ ಟೀಚರ್ ಅವನ್ನೆಲ್ಲ ಗಾಜಿನ ಕಪಾಟಿಗೆ ತುಂಬಿ, ಬೀಗ ಹಾಕಿ, ಬೀಗದ ಕೈಯನ್ನು ತಮ್ಮ ಪರ್ಸಿನಲ್ಲಿಟ್ಟುಕೊಂಡರು. ಮೂವತ್ತೆರಡು ಮಕ್ಕಳು ಕಪಾಟಿನ ಮುಂದೆ ಚಾಪೆಯ ಮೇಲೆ ಕೈಕಟ್ಟಿ ಕೂತು, ದಿನಕ್ಕೆ ನಲವತ್ತು ನಿಮಿಷ, ಆ ಸಾಮಾನುಗಳ ಜೊತೆ ಆಡುತ್ತಿರುವಂತೆ ಕಲ್ಪಿಸಿಕೊಂಡರು. ಸುತ್ತೋಲೆಯ ಆಶಯ ಅಷ್ಟರ ಮಟ್ಟಿಗೆ ಈಡೇರಿತು.

ಆ ನಲವತ್ತು ನಿಮಿಷದಲ್ಲಿ ಚಿಕ್ಕ ಟೀಚರ್ ಒಬ್ಬೊಬ್ಬರನ್ನೇ ಕರೆದು ಅವರವರ ಚಿತ್ರ ತೋರಿಸಿ, "ಯಾರಾದ್ರೂ ಕೇಳಿದ್ರೆ ನಾನೇ ಬರ್ದಿದ್ದು ಅನ್ನಬೇಕು" ಎಂದು ಹೇಳಿಕೊಟ್ಟಳು. ಮೂವತ್ತೊಂದು ಮಕ್ಕಳು ಹೂಂ ಎಂದರು. ಶಾಲೆಯಲ್ಲಿ ಅದಕ್ಕಿಂತ ವಿಚಿತ್ರವಾದುದನ್ನೂ ಅವರು ನಂಬಿದ್ದರು.

ವಕೀಲಮ್ಮ ಟ್ಯಾಂಕಿನ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ. ಆದ್ರೆ ನಾನು ಬರ್ದಿಲ್ವಲ್ಲ."

"ಗೊತ್ತು ಕಣೇ. ಸುಮ್ನೆ ಒಂದು ಆಟ ಅಂದ್ಕೋ. ಕಲ್ಪನೆ ಆಟ."

"ಆಟದಲ್ಲಿ ನಾನು ಯಾರು?"

"ಈ ಚಿತ್ರ ಬರೆದವಳು."

"ನೀವು ಯಾರು?"

"ನಾನು ಟೀಚರ್."

"ಆಟದಲ್ಲೂ ಟೀಚರ್ರೇನಾ?" ವಕೀಲಮ್ಮನಿಗೆ ಪಾಪ ಅನ್ನಿಸಿತು. ಸ್ವಲ್ಪ ಯೋಚಿಸಿ ಮತ್ತೆ ಕೇಳಿದಳು. "ಸರಿ. ಆಟದಲ್ಲಿ ನಾನು ಇದನ್ನ ಯಾವ ಕೈಯಲ್ಲಿ ಬರ್ದೆ?"

ಚಿಕ್ಕ ಟೀಚರ್ ಚಿತ್ರವನ್ನು ಮಗುಚಿ ಇಟ್ಟಳು. "ಬಲಗೈಯಲ್ಲಿ" ಎಂದಳು. "ಮತ್ತಿನ್ಯಾವುದರಲ್ಲಿ?"

ಶುಕ್ರವಾರ ಮೌಲ್ಯಮಾಪಕರು ಬಂದರು. ಐವತ್ತರ ಆಸುಪಾಸಿನ ಹೆಂಗಸು, ದಪ್ಪ ಕನ್ನಡಕ, ಹೆಗಲಿಗೊಂದು ಚೀಲ, ಮಾತು ಕಡಿಮೆ. ದೊಡ್ಡ ಟೀಚರ್ ಬೆಳಿಗ್ಗೆಯೇ ಕಪಾಟಿನ ಬೀಗ ತೆಗೆದಿದ್ದರು. ನಾಲ್ಕು ದಿನ ಕಾದಿದ್ದ ಮಕ್ಕಳು ಹತ್ತೇ ನಿಮಿಷಕ್ಕೆ ಒಲೆಯ ಎರಡು ಕಾಲು ಕಿತ್ತಿದ್ದರು. ಕನ್ನಡಕದ ಮೇಡಂ ಕಾರಿಡಾರಿನಲ್ಲಿ ನಿಧಾನವಾಗಿ ನಡೆದರು. ಸ್ಕೇಲಿನ ಗೆರೆಯ ಮನೆಗಳನ್ನು ನೋಡಿದರು, ಮೇಜಿನ ಮೇಲಿನ ಲೋಟ ನೋಡಿದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಹದಿನೇಳನೇ ಚಿತ್ರದ ಮುಂದೆ ನಿಂತವರು ಅಲ್ಲೇ ನಿಂತುಬಿಟ್ಟರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಈ ಮಗುವನ್ನ ನಾನು ನೋಡಬೇಕು" ಎಂದರು.

ದೊಡ್ಡ ಟೀಚರ ಮುಖ ಅರಳಿತು. ಚಿಕ್ಕ ಟೀಚರ ಕಿವಿಯಲ್ಲಿ, "ನಿನ್ನ ಕಾಗದಕ್ಕೆ ಇವತ್ತೇ ಸಹಿ ಹಾಕ್ತೀನಿ" ಎಂದು ಪಿಸುಗುಟ್ಟಿದರು.

ವಕೀಲಮ್ಮನನ್ನು ಕರೆತಂದರು. ಮೇಡಂ ಕಷ್ಟಪಟ್ಟು ಪುಟ್ಟ ಕುರ್ಚಿಯಲ್ಲಿ ಕೂತು, "ಈ ಟ್ಯಾಂಕು ಎಲ್ಲಿಗೆ ಹೊರಟಿದೆ?" ಎಂದು ಕೇಳಿದರು.

"ಅದರ ಅಮ್ಮನ ಮನೆಗೆ" ಎಂದಳು ವಕೀಲಮ್ಮ, ಕಣ್ಣು ಕೂಡ ಮಿಟುಕಿಸದೆ. "ಅದಕ್ಕೆ ರಜಾನೇ ಇಲ್ಲ. ಅದಕ್ಕೇ ಹೇಳದೆ ಹೊರಟಿದೆ. ಇವರೆಲ್ಲ ಬೇಡ ಬೇಡ ಅಂತ ಹಿಂದೆ ಓಡ್ತಿದಾರೆ. ಪ್ರೀತಿಗಲ್ಲ. ಬೆಳಿಗ್ಗೆ ನೀರು ಬರಲ್ಲ ಅಂತ."

"ಈ ಕಾಲು ಯಾಕೆ ಮಡಚಿದೆ?"

"ಅದಕ್ಕೆ ಬಸ್ಸು ತಗುಲ್ತು. ನಮ್ಮಪ್ಪಂದೇ ಬಸ್ಸು. ಆಮೇಲೆ ನಮ್ಮಪ್ಪ ಇಳಿದು ಸಾರಿ ಕೇಳಿದ್ರು. ಪರವಾಗಿಲ್ಲ ಅಂತು."

ಮೇಡಂ ನಕ್ಕರು; ದಪ್ಪ ಕನ್ನಡಕದ ಹಿಂದೆ ನೀರು ಬರುವಷ್ಟು ನಕ್ಕರು. ಚಿಕ್ಕ ಟೀಚರ್ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದಳು. ತನ್ನ ಟ್ಯಾಂಕಿಗೆ ಅಮ್ಮನ ಮನೆಯಿದೆ ಎನ್ನುವುದು ಅವಳಿಗೂ ಹೊಸ ಸುದ್ದಿ, ಮತ್ತು ಅದು ನಿಜ ಅನ್ನಿಸಿತು.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿ ಇರುತ್ತಿದ್ದರು. ಆದರೆ ಮೇಡಂ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ನಂಗೋಸ್ಕರ ಇನ್ನೊಂದು ಬರೀತೀಯಾ? ಟ್ಯಾಂಕು ವಾಪಸ್ ಬರೋದು."

ದೊಡ್ಡ ಟೀಚರ ಮುಖ ಹುಳ್ಳಗಾಯಿತು. "ಮಗು ದಣಿದಿದೆ ಮೇಡಂ" ಎಂದರು. ವಕೀಲಮ್ಮ ಎಂದಾದರೂ ದಣಿದದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ.

ವಕೀಲಮ್ಮ ನೀಲಿ ಕಡ್ಡಿಯನ್ನು ಎಡಗೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಏನೋ ನೆನಪಾಗಿ ಚಿಕ್ಕ ಟೀಚರ ಕಡೆ ನೋಡಿದಳು. ಕಡ್ಡಿ ಬಲಗೈಗೆ ಹೋಯಿತು. ಒಂದು ಗೆರೆ ಎಳೆದಳು, ನಡುಗುವ ಗೆರೆ. ಇನ್ನೊಂದು ಎಳೆದಳು. ತುಟಿ ಕಚ್ಚಿಕೊಂಡಳು.

"ಈ ಕೈಗೆ ಬರಲ್ಲ" ಎಂದಳು ಕೊನೆಗೆ, ನೆಲ ನೋಡುತ್ತಾ.

"ಮತ್ತೆ ಯಾವ ಕೈಗೆ ಬರುತ್ತೆ?" ಎಂದರು ಮೇಡಂ.

ವಕೀಲಮ್ಮನ ಎಡಗೈ ಮೆಲ್ಲಗೆ ಬೆನ್ನ ಹಿಂದೆ ಹೋಗಿ ಬೆರಳು ಮಡಚಿಕೊಂಡು ಅಡಗಿ ಕೂತಿತು.

ಚಿಕ್ಕ ಟೀಚರ್ ಹಿಂದೆ ನಿಂತಿದ್ದಳು, ಹಾಗಾಗಿ ಆ ಕೈ ಅವಳಿಗೊಬ್ಬಳಿಗೇ ಕಾಣುತ್ತಿತ್ತು. ಅವಳಿಗೆ ಆ ಮಡಚಿದ ಬೆರಳುಗಳ ಗುರುತು ಸಿಕ್ಕಿತು. ಚೀಲವಿಲ್ಲ, ದಾರವಿಲ್ಲ, ಸಕ್ಕರೆಯಂಥ ದನಿಯೊಂದೇ ಸಾಕಾಗಿತ್ತು. ಅವಳಿಗೆ ನಾಚಿಕೆಯಾಯಿತು, ಮುಖ ಮುಚ್ಚಿಕೊಂಡು ಓಡಿಹೋಗುವಷ್ಟು. ಖಾಯಂ ಕಾಗದ ಎರಡು ಮಾರು ದೂರದಲ್ಲಿ, ದೊಡ್ಡ ಟೀಚರ ಪರ್ಸಿನಲ್ಲಿ, ಸಹಿಗೆ ಕಾದಿತ್ತು.

"ಆ ಕೈ ಹೊರಗೆ ತೆಗಿ ಪುಟ್ಟಾ" ಎಂದಳು. "ಅದರಲ್ಲೇ ಬರಿ."

"ಆಟದಲ್ಲಿ ಬಲಗೈ ಅಂದಿದ್ರಿ."

"ನಾನು ತಪ್ಪು ಹೇಳಿದ್ದೆ. ಬರಿ."

ವಕೀಲಮ್ಮ ಬರೆದಳು. ತಡೆ ಬಿಟ್ಟ ನೀರಿನಂತೆ ಬರೆದಳು. ಹಾಳೆಯ ತುಂಬಾ ಒಂದು ಬಸ್ಸು, ಬಸ್ಸಿನ ಒಳಗೆ ಮುದುರಿಕೊಂಡು ಕೂತ ಟ್ಯಾಂಕು, ಕಾಲುಗಳು ನಾಲ್ಕೂ ಕಿಟಕಿಯಿಂದ ಹೊರಗೆ, ಸ್ಟಿಯರಿಂಗ್ ಹಿಂದೆ ದೊಡ್ಡ ಮೀಸೆಯ ಅಪ್ಪ. ಮೇಡಂ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ಎರಡೂ ಚೆನ್ನಾಗಿವೆ. ಆದ್ರೆ ಎರಡೂ ಒಬ್ಬರದೇ ಅಲ್ಲ. ಮೊದಲನೇದು ಯಾರದು?"

"ನಂದೇ" ಎಂದಳು ವಕೀಲಮ್ಮ, ಕೊಟ್ಟ ಮಾತಿಗೆ ತಪ್ಪದೆ. ಆಮೇಲೆ ತಿರುಗಿ ಕೇಳಿದಳು. "ಟೀಚರ್, ಆಟ ಮುಗೀತಾ?"

"ಮುಗಿದಿಲ್ಲ!" ಎಂದರು ದೊಡ್ಡ ಟೀಚರ್.

"ಮುಗೀತು ಕಣೇ" ಎಂದಳು ಚಿಕ್ಕ ಟೀಚರ್. "ಅದನ್ನ ಬರ್ದದ್ದು ನಾನು ಮೇಡಂ. ಉಳಿದದ್ದೂ ನಾವೇ ಬರ್ದದ್ದು. ಮಕ್ಕಳು ಒಂದೂ ಬರ್ದಿಲ್ಲ."

ದೊಡ್ಡ ಟೀಚರಿಗೆ ಸಿಟ್ಟು ನೆತ್ತಿಗೇರಿತು. ಶಾಲೆಯ ಮಾನ ಉಳಿಸಲು ಬಾಯಿಗೆ ಬಂದದ್ದನ್ನು ಹಿಡಿದರು. "ಸುಳ್ಳು ಮೇಡಂ! ಸಾಧ್ಯವೇ ಇಲ್ಲ. ಈಕೆಗೆ ಚಿತ್ರವೇ ಬರಲ್ಲ. ನಾನೇ ಕಲಿಸಿರೋದು!"

ಚಿಕ್ಕ ಟೀಚರ್ ವಾದ ಮಾಡಲಿಲ್ಲ. ಮಂಡಿನೋವನ್ನು ನುಂಗಿಕೊಂಡು ವಕೀಲಮ್ಮನ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತಳು, ಬಸ್ಸಿನ ಚಿತ್ರದ ಅಂಚಿನಲ್ಲಿ ಖಾಲಿ ಉಳಿದ ಜಾಗಕ್ಕೆ ಬಗ್ಗಿದಳು, ಹಸಿರು ಕಡ್ಡಿಯನ್ನು ಎಡಗೈಗೆ ತೆಗೆದುಕೊಂಡಳು.

"ಆ ಕೈಯಲ್ಲ, ಇನ್ನೊಂದು ಕೈ!" ದೊಡ್ಡ ಟೀಚರ ಬಾಯಿಂದ ತಾನಾಗಿ ಹೊರಬಿತ್ತು.

ನಲವತ್ತೊಂದು ವರ್ಷದ ಹೆಂಗಸಿನ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಕಡ್ಡಿ ಬಲಗೈ ಕಡೆಗೆ ಅರ್ಧ ದಾರಿ ಹೊರಟೂ ಬಿಟ್ಟಿತ್ತು.

"ಬಿಡಿ ದೊಡ್ಡ ಟೀಚರ್" ಎಂದಳು ವಕೀಲಮ್ಮ. "ಅವರಿಗೆ ಆ ಕೈಲೇ ಬರೋದು."

ಚಿಕ್ಕ ಟೀಚರ್ ಬಸ್ಸಿನ ಹಿಂದೆ ಬಕೆಟ್ ಹಿಡಿದು ಓಡುವ ಜನರನ್ನು ಬರೆದಳು. ಕೊನೆಯಲ್ಲಿ ಓಡುವವರಲ್ಲಿ ಒಬ್ಬರು ಕಂಕುಳಲ್ಲಿ ಪರ್ಸು ಇಟ್ಟುಕೊಂಡಿದ್ದರು. ಮೇಡಂ ಹಾಳೆಯನ್ನು ಮಡಚದೆ, ಜೋಪಾನವಾಗಿ ಚೀಲದಲ್ಲಿಟ್ಟುಕೊಂಡು ಹೋದರು.

ವರದಿ ಹದಿನೈದು ದಿನಕ್ಕೆ ಬಂತು. 'ಕಾರಿಡಾರಿನ ಮೂವತ್ತೆರಡು ಚಿತ್ರಗಳಲ್ಲಿ ಒಂದು ಮಾತ್ರ ಮಗುವಿನ ಚಿತ್ರದಂತಿದೆ. ಅದನ್ನು ಬರೆದವರು ತರಗತಿಯ ಶಿಕ್ಷಕಿ' ಎಂದು ಬರೆದು, ಅಂಕದ ಜಾಗದಲ್ಲಿ ಸೊನ್ನೆ ಹಾಕಿದ್ದರು. ದೊಡ್ಡ ಟೀಚರ್ ಅದಕ್ಕೆ ಪ್ರತಿಯಾಗಿ ಚಿಕ್ಕ ಟೀಚರ ಕಡತದಲ್ಲಿ 'ಮುಂದಿನ ವರ್ಷ ಪರಿಶೀಲಿಸಬಹುದು' ಎಂದು ಚೆಂದದ ಅಕ್ಷರದಲ್ಲಿ ಬರೆದರು. ಹಾಗಾಗಿ ಈ ಬೇಸಿಗೆಯಲ್ಲೂ ಅವಳು ತನ್ನ ಕುರ್ಚಿಗೆ ತಾನು ಸಂದರ್ಶನಕ್ಕೆ ಹೋಗಬೇಕು. ಚಿಕ್ಕ ಟೀಚರ್ ಅಂದು ಮನೆಗೆ ಹೋಗಿ ಅತ್ತಳು. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನವೇನೂ ಆಗ ಬರಲಿಲ್ಲ. ಹನ್ನೆರಡು ವರ್ಷ ಕಾದದ್ದು ಹೋಯಿತೆಂದು ಅತ್ತಳು. ತಾಯಿ ಏನಾಯಿತೆಂದು ಕೇಳಿ, ಪೂರ್ತಿ ಕೇಳಿಸಿಕೊಂಡು, "ಆರೇ ತಿಂಗಳಲ್ಲಿ ಸರಿಹೋಗಿತ್ತಲ್ಲೇ" ಎಂದು ಬೇಜಾರು ಮಾಡಿಕೊಂಡಳು. ಆಮೇಲೆ ಮಗಳ ಅಂಗಿಯ ಬಿದ್ದ ಗುಂಡಿ ಹಾಕಿಕೊಡಲು ಗುಂಡಿಗಳ ಚೀಲ ತೆಗೆದಳು. ನೀಲಿ ಹೂವಿನ ಬಟ್ಟೆ, ಬಾಯಿಗೆ ದಾರ. ಇಷ್ಟು ವರ್ಷ ಅದು ಆ ಮನೆಯಲ್ಲಿ ಗುಂಡಿ ಇಡುವ ಚೀಲವಾಗಿಯೇ ಇತ್ತು. ತಾಯಿ ಅದರ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಗುಂಡಿ ಹಾಕುವುದನ್ನು ಮರೆತಳು.

ಮರುದಿನ ಚಿತ್ರದ ಪಿರಿಯಡ್. ಚಿಕ್ಕ ಟೀಚರ್ ಹಾಳೆ ಹಂಚಿ, "ಯಾರಿಗೆ ಯಾವ ಕೈಲಿ ಬರುತ್ತೋ ಆ ಕೈಲಿ ಬರೀರಿ" ಎಂದಳು. ವಕೀಲಮ್ಮ ಆಗಲೇ ಶುರುಮಾಡಿದ್ದಳು. ಉಳಿದವರು ಎಂದಿನಂತೆ ಬೆಟ್ಟಕ್ಕೆ ಕೈಹಾಕಿದರು.

ಆಗ ಕಿಟಕಿಯ ಪಕ್ಕ ಎರಡು ಜಡೆಯ ಹುಡುಗಿ ಪೆನ್ಸಿಲನ್ನು ಮೆತ್ತಗೆ ಎಡಗೈಗೆ ಬದಲಾಯಿಸಿದಳು. ಗೋಡೆಯ ಸಾಲಿನಲ್ಲಿ ಇನ್ನೊಬ್ಬ. ಕೊನೆಯ ಬೆಂಚಿನಲ್ಲಿ ಮತ್ತೊಬ್ಬಳು, ಅಕ್ಷರ ಸೊಟ್ಟ ಎಂದು ವಾರಕ್ಕೆ ಎರಡು ಸಲ ಬೈಸಿಕೊಳ್ಳುವವಳು. ಬೈಯುತ್ತಿದ್ದದ್ದು ಚಿಕ್ಕ ಟೀಚರೇ. ಈ ಮೂವರ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ವಕೀಲಮ್ಮನಿಗೆ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡೇ ಅವರು ತಮ್ಮ ಕೈಗಳನ್ನು ತಾವೇ ಸರಿಮಾಡಿಕೊಂಡಿದ್ದರು. ಒಂದು ವರ್ಷಕ್ಕೆ ನಾಲ್ಕು. ಹನ್ನೆರಡು ವರ್ಷಕ್ಕೆ ಎಷ್ಟೆಂದು ಗುಣಿಸಲು ಹೊರಟು, ಅವಳು ನಡುವೆಯೇ ನಿಲ್ಲಿಸಿದಳು.

ತಾನೂ ಒಂದು ಹಾಳೆ ಹಿಡಿದು ಕೊನೆಯ ಬೆಂಚಿನ ಪಕ್ಕ ಹೋಗಿ ಕೂತಳು. ಹುಡುಗಿ ಎಡಗೈಯಲ್ಲಿ ಎರಡು ಬೆಟ್ಟ ಬರೆದು, ಸೂರ್ಯನಿಗೆ ಏಳು ಕಿರಣ ಎಣಿಸಿ ಹಾಕುತ್ತಿದ್ದಳು. ಟೀಚರನ್ನು ಕಂಡದ್ದೇ ಕೈ ಬೆಂಚಿನ ಕೆಳಗೆ ಇಳಿಯಿತು.

"ನಂದು ತಪ್ಪಾಯ್ತು ಕಣೇ" ಎಂದಳು ಚಿಕ್ಕ ಟೀಚರ್.

ಹುಡುಗಿ ಟೀಚರ ಮುಖ ನೋಡಿದಳು, ಟೀಚರ ಖಾಲಿ ಹಾಳೆ ನೋಡಿದಳು. ತಪ್ಪು ಎಲ್ಲಾಗಿದೆ ಎಂದು ಅವಳಿಗೆ ತಿಳಿಯಲಿಲ್ಲ. ಆದರೂ ಬೆಂಚಿನ ಕೆಳಗಿದ್ದ ಕೈ ಮೇಲೆ ಬಂತು, ಪೆಟ್ಟಿಗೆಯಲ್ಲಿ ತಡಕಾಡಿ ಸವೆದ ರಬ್ಬರೊಂದನ್ನು ಹುಡುಕಿ ತೆಗೆಯಿತು.

"ಪರವಾಗಿಲ್ಲ ಟೀಚರ್, ನನ್ಹತ್ರ ರಬ್ಬರಿದೆ" ಎಂದು ಕೊಟ್ಟಳು. ಎಡಗೈಯಲ್ಲೇ ಕೊಟ್ಟಳು.